ಇಲ್ಲದ ಗಾಡಿಗಳಿಗೆ ಧೂಳು ಹಚ್ಚಿದ ವರ್ಷಗಳು

ಚಿತ್ರದುರ್ಗದ ನಮ್ಮ ಓಣಿಯಲ್ಲಿ ಕೆಲವರು ಈಗಲೂ ನನ್ನನ್ನು 'ಆಟದ ಸಾಮಾನಿನ ವಸಂತಮ್ಮ' ಎಂದೇ ಕರೆಯುತ್ತಾರೆ. ಮೊದಮೊದಲು ತಿದ್ದುತ್ತಿದ್ದೆ. ಅವು ಆಟದ ಸಾಮಾನಲ್ಲ, ದೊಡ್ಡವರು ಗಾಜಿನ ಬೀರುವಿನಲ್ಲಿಟ್ಟುಕೊಂಡು ನೋಡುವ ಮಾದರಿಗಳು ಎನ್ನುತ್ತಿದ್ದೆ. ಯಾವ ಗಾಡಿಯ ಮಾದರಿ ಎಂದು ಕೇಳಿದರೆ ಚಂದ್ರನ ಮೇಲೆ ಓಡುವ ಲಾರಿಯದು ಎಂದು ಹೇಳಬೇಕಾಗುತ್ತಿತ್ತು. ಅಂಥ ಲಾರಿ ಎಲ್ಲಿದೆ ಎಂದು ಅವರು ಕೇಳುವರು. ಎಲ್ಲಿಯೂ ಇಲ್ಲ ಎಂದು ನಾನು ಹೇಳುವೆ. ಅಲ್ಲಿಗೆ ಮಾತು ಮುಗಿದು, ಅವರು ನಗುತ್ತಾ ಹೋಗಿಬಿಡುತ್ತಿದ್ದರು. ಬರಬರುತ್ತಾ ತಿದ್ದುವುದನ್ನು ಬಿಟ್ಟೆ.

ಈಗ ಇದೇ ಕೆಲಸಕ್ಕೆ ಓದಿಕೊಂಡ ಹುಡುಗಿಯರು ಬರುತ್ತಿದ್ದಾರೆ. ಅವರಲ್ಲಿ ಒಬ್ಬಿಬ್ಬರು ಮನೆಗೂ ಬಂದು, ಹಿಂದೆಲ್ಲ ಹೇಗೆ ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ. ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ಹೇಳಿ ಮುಗಿಯುವ ವಿಷಯವಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕಾರ್ಖಾನೆ ಹಿರಿಯೂರಿನ ಕಡೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ ಒಂದು ತಗಡಿನ ಶೆಡ್ಡು. ಮಾಲೀಕರು ಜಗದೀಶ್ ಸರ್. ಹೊರದೇಶದ ಕಂಪನಿಗಳು ತಾವು ಕಲ್ಪಿಸಿಕೊಂಡ ಲೋಕಗಳ ಗಾಡಿಗಳ ಚಿತ್ರ ಕಳಿಸುತ್ತಿದ್ದವು. ಮೂರು ಕಾಲಿನ ಮೇಲೆ ನಡೆಯುವ ಯಂತ್ರ, ಊರಿಗಿಂತ ದೊಡ್ಡ ಆಕಾಶದ ಹಡಗು, ನೆಲಕ್ಕೆ ತಾಗದೆ ಓಡುವ ಮೋಟಾರು ಸೈಕಲ್ಲು. ಅವನ್ನು ನಾವು ಅಂಗೈಯಷ್ಟೋ ಮೊಳದಷ್ಟೋ ಅಳತೆಗೆ ಇಳಿಸಿ ಮಾಡಿಕೊಡಬೇಕು. ಚಿತ್ರಕಲೆಯ ತರಬೇತಿ ಮುಗಿಸಿದ್ದ ನಾನು ಹಿರೇಗುಂಟನೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಬಣ್ಣದ ವಿಭಾಗದಲ್ಲಿ ಕೂರುತ್ತಿದ್ದೆ. ಮದುವೆಯಾದ ಮೇಲೆ ದುರ್ಗದಲ್ಲೇ ಮನೆ ಮಾಡಿದೆವು.

ಪ್ರತಿಯೊಂದು ಗಾಡಿಗೂ ಮೊದಲು ಕೈಯಲ್ಲಿ ಒಂದೇ ಒಂದು ಮೂಲ ಮಾದರಿ ಮಾಡಬೇಕಿತ್ತು. ಅದಕ್ಕೆ ನಾವು ಮಾಸ್ಟರ್ ಎನ್ನುತ್ತಿದ್ದೆವು. ಅದರ ಸುತ್ತ ರಬ್ಬರು ಸುರಿದು ಅಚ್ಚು ತೆಗೆದು, ಆ ಅಚ್ಚಿಗೆ ರೆಸಿನ್ ಹೊಯ್ದರೆ ಬೇಕಾದಷ್ಟು ಗಾಡಿಗಳು ಹುಟ್ಟುತ್ತವೆ. ಮಾಸ್ಟರ್ ಮಾಡುತ್ತಿದ್ದವರು ತಿಪ್ಪೇಸ್ವಾಮಣ್ಣ. ಧರ್ಮಪುರದ ಕಡೆಯವರು. ಮೊದಲು ಹಿರಿಯೂರಿನಲ್ಲಿ ಲಾರಿಗಳಿಗೆ ಮರದ ಬಾಡಿ ಕಟ್ಟುತ್ತಿದ್ದರು. ಜಗದೀಶ್ ಸರ್ ಅವರನ್ನು ಅಲ್ಲಿಂದಲೇ ಕರೆತಂದಿದ್ದು. ಮಾತು ಕಡಿಮೆ. ಸಿಟ್ಟು ಬಂದರೆ ತಮ್ಮಷ್ಟಕ್ಕೆ ತೆಲುಗಿನಲ್ಲಿ ಗೊಣಗಿಕೊಳ್ಳುತ್ತಿದ್ದರು.

ನಾನು ಬಣ್ಣ ಹೊಡೆದ ಮೊದಲ ಹಡಗು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹೊಸ ಬೀರುವಿನ ಹಾಗೆ ಮಿರಮಿರ ಮಿಂಚುತ್ತಿತ್ತು. ಹೊಗಳಿಕೆ ಬರುತ್ತದೆಂದು ಕಾಯುತ್ತಾ ಕೂತಿದ್ದೆ. ಜಗದೀಶ್ ಸರ್ ಬಂದು ನೋಡಿ, ಅದನ್ನು ತಿಪ್ಪೇಸ್ವಾಮಣ್ಣನ ಮೇಜಿನ ಮೇಲಿಟ್ಟು ಹೋದರು. ತಿಪ್ಪೇಸ್ವಾಮಣ್ಣ ನನ್ನನ್ನು ಹತ್ತಿರ ಕರೆದರು.

"ಇದು ಎಷ್ಟು ದೊಡ್ದು ಹೇಳಮ್ಮ."

"ಒಂದು ಗೇಣು ಅಣ್ಣ."

"ಅದು ನಮ್ಮ ಟೇಬಲ್ ಮ್ಯಾಲೆ. ಅದರ ಲೋಕದಾಗೆ?"

ಹಡಗಿನ ಪಕ್ಕದಲ್ಲಿ ಕೂದಲೆಳೆಯಂಥ ಒಂದು ಏಣಿ ಇತ್ತು. ಅದನ್ನು ತೋರಿಸಿದರು.

"ಈ ಏಣಿ ಹತ್ತೋ ಮನುಷ್ಯನ್ನ ಮೊದ್ಲು ನೋಡು. ಅವನು ಕಂಡ ಅಂದ್ರೆ ಹಡಗು ತಾನಾಗೇ ದೊಡ್ದಾಗ್ತೈತೆ. ನೀನು ಹೊಡ್ದಿರೋ ಬಣ್ಣ ಅವನ ಮೊಣಕಾಲುಮಟ ಐತೆ. ಅವನು ಹೆಂಗೆ ಓಡಾಡ್ಬೇಕು?"

ಹಲಗೆಗಳ ನಡುವಿನ ಗೆರೆಗಳೆಲ್ಲ ನನ್ನ ಬಣ್ಣದಲ್ಲಿ ಮುಚ್ಚಿಹೋಗಿದ್ದವು. ಅವತ್ತು ಇಡೀ ಹಡಗನ್ನು ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಇನ್ನಷ್ಟು ಕೆಡಿಸಿದೆ. ಅವರೇ ಸೂಜಿ ಹಿಡಿದು ಗೆರೆಗಳನ್ನು ಮತ್ತೆ ಕೊರೆದುಕೊಟ್ಟರು. ಆಮೇಲೆ ಎಷ್ಟೇ ವರ್ಷವಾದರೂ ಬಣ್ಣ ಕೈಗೆತ್ತಿಕೊಳ್ಳುವ ಮೊದಲು ಆ ಏಣಿ ಹತ್ತುವ ಮನುಷ್ಯನನ್ನು ನೆನೆಸಿಕೊಳ್ಳುವುದು ನನಗೆ ಅಭ್ಯಾಸವಾಗಿಬಿಟ್ಟಿತು.

ರೆಸಿನ್ ಎಂದರೆ ಎರಡು ದ್ರವ. ಬೆರೆಸಿದ ಸ್ವಲ್ಪ ಹೊತ್ತಿಗೆ ಕಲ್ಲಾಗುತ್ತದೆ. ಡಬ್ಬಿಯ ಮೇಲೆ ಬರೆದಿರುವ ಸಮಯ ತಂಪಾದ ದೇಶಗಳಿಗೆ ಸರಿ. ನಮ್ಮ ಶೆಡ್ಡಿನ ಬೇಸಿಗೆಗೆ ಅದು ಲೋಟದಲ್ಲೇ ಗಟ್ಟಿಯಾಗಿ, ಕೈಯಲ್ಲಿ ಬಿಸಿ ಮುದ್ದೆ ಹಿಡಿದು ನಿಂತಿರುತ್ತಿದ್ದೆವು. ಒಂದು ಸಲ ಮೂರು ಕಾಲಿನ ಯಂತ್ರಗಳನ್ನು ಬಿಸಿಲಿನ ದೇಶವೊಂದಕ್ಕೆ ಕಳಿಸಿದ್ದೆವು. ಕೊಂಡವರೊಬ್ಬರು ಫೋಟೋ ಕಳಿಸಿದರು. ಕಿಟಕಿಯ ಪಕ್ಕ ಇಟ್ಟ ಯಂತ್ರದ ಕಾಲುಗಳು ಬಿಸಿಗೆ ಬಾಗಿ, ಅದು ದೇವರಿಗೆ ಅಡ್ಡಬಿದ್ದ ಹಾಗೆ ಮಂಡಿಯೂರಿತ್ತು. ಜಗದೀಶ್ ಸರ್ ಆ ಫೋಟೋವನ್ನು ದೊಡ್ಡದು ಮಾಡಿಸಿ ಗೋಡೆಗೆ ಅಂಟಿಸಿದರು. ಬೈಯಲಿಲ್ಲ. ಅಂದಿನಿಂದ ಕಾಲುಗಳೊಳಗೆ ಉಕ್ಕಿನ ತಂತಿ ಇಟ್ಟು ಹೊಯ್ಯತೊಡಗಿದೆವು.

ಒಂದು ಮಾತು ಹೊಸಬರಿಗೆ. ಮುಖಕ್ಕೆ ಮಾಸ್ಕ್ ಇಲ್ಲದೆ ಆ ಶೆಡ್ಡಿಗೆ ಕಾಲಿಡಬೇಡಿ. ನಮ್ಮ ಕಾಲದಲ್ಲಿ ರೆಸಿನ್ನಿನ, ಬಣ್ಣ ತೆಳುಮಾಡುವ ಥಿನ್ನರಿನ ವಾಸನೆಗೆ ಅಡ್ಡವಾಗಿ ಸೆರಗು, ಟವೆಲ್ಲು ಇಷ್ಟೇ. ಸಾಯಂಕಾಲದ ಹೊತ್ತಿಗೆ ಹಣೆಯೊಳಗೆ ಯಾರೋ ಸುತ್ತಿಗೆ ಬಡಿಯುತ್ತಿರುವ ಹಾಗಾಗುತ್ತಿತ್ತು. ಬಿಸಿಲಿನ ತಲೆನೋವು ಅಂದುಕೊಂಡು ಮನೆಗೆ ಹೋಗುತ್ತಿದ್ದೆವು.

ಹಳೆಯ ಗಾಡಿಯಂತೆ ಕಾಣಿಸುವ ಬಣ್ಣ ನನಗೆ ಬಹಳ ದಿನ ಒಲಿಯಲಿಲ್ಲ. ಹೊರದೇಶದಿಂದ ಬಂದ ಪುಸ್ತಕ ನೋಡಿಕೊಂಡು ಕಂದು ಬಣ್ಣ ಚಿಮುಕಿಸಿದರೆ, ಗಾಡಿಯ ಮೇಲೆ ಯಾರೋ ಕಾಫಿ ಚೆಲ್ಲಿದ ಹಾಗೆ ಕಾಣುತ್ತಿತ್ತು. ಒಂದು ಶನಿವಾರ ತಿಪ್ಪೇಸ್ವಾಮಣ್ಣ, "ನಾಳೆ ಹೊಸದುರ್ಗದ ಕಡಿಗೆ ಹೋಗಾಣ. ನಿಮ್ಮ ಯಜಮಾನ್ರನ್ನೂ ಕರ್ಕೊಂಡು ಬಾ," ಎಂದರು. ಬಾಗೂರಿನ ದಾರಿಯ ಒಂದು ಚಹಾದಂಗಡಿಯ ಮುಂದೆ ನಮ್ಮನ್ನು ಕೂರಿಸಿದರು. ಅದಿರು ತುಂಬಿದ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು.

ನನ್ನ ಯಜಮಾನರಿಗೆ ತಡೆಯಲಾಗಲಿಲ್ಲ. "ಲಾರಿ ನೋಡಾಕೆ ಇಲ್ಲಿಗಂಟ ಬರಬೇಕಿತ್ತಾ ತಿಪ್ಪೇಸ್ವಾಮಿ? ದುರ್ಗದಾಗೆ ಇಲ್ವಾ?"

"ಕುಂತ್ಕಳ್ರಿ, ಚಾ ಕುಡೀರಿ. ನೋಡೋಳು ಅವಳು," ಎಂದು ತಿಪ್ಪೇಸ್ವಾಮಣ್ಣ ನನ್ನ ಕಡೆ ತಿರುಗಿದರು. "ಧೂಳು ಎಲ್ಲಿ ಕುಂತೈತೆ ಅಂತ ನೋಡಬ್ಯಾಡ. ಎಲ್ಲಿ ಕುಂತಿಲ್ಲ ಅಂತ ನೋಡು."

ಚಹಾಕ್ಕೆ ನಿಂತ ಲಾರಿಯೊಂದರ ಬಾಗಿಲ ಹಿಡಿ ಹೊಳೆಯುತ್ತಿತ್ತು. ಚಾಲಕ ಕಾಲಿಟ್ಟು ಹತ್ತುವ ಮೆಟ್ಟಿಲಿನ ನಡುಭಾಗ ಮಾತ್ರ ಬೆಳ್ಳಗಾಗಿತ್ತು. ತುಕ್ಕು ಬೋಲ್ಟಿನಿಂದ ಹುಟ್ಟಿ ಕೆಳಕ್ಕೆ ಅತ್ತ ಹಾಗೆ ಇಳಿದಿತ್ತು. ಗಾಲಿಯ ಹಿಂದೆ ಕೆಂಪು ಧೂಳು ಬೀಸಣಿಗೆಯ ಆಕಾರದಲ್ಲಿ ಹರಡಿತ್ತು. ಗಾಡಿ ಹಳೆಯದಾಗುವುದು ಕೊಳೆಯಿಂದ ಅಲ್ಲ, ಅದರ ಮೇಲೆ ಓಡಾಡಿದ ಮನುಷ್ಯರ ಕೈಕಾಲಿನಿಂದ ಎಂದು ಅವತ್ತು ನನಗೆ ಹೊಳೆಯಿತು. ಬರುವಾಗ ರಸ್ತೆ ಬದಿಯ ಕೆಮ್ಮಣ್ಣನ್ನು ಪ್ಲಾಸ್ಟಿಕ್ ಕವರಿನಲ್ಲಿ ತುಂಬಿಕೊಂಡು ಬಂದು, ತೆಳುವಾದ ಪಂಚೆಯಲ್ಲಿ ಜರಡಿ ಹಿಡಿದೆ. ಆ ಹಿಟ್ಟು ಎಷ್ಟೋ ಚಂದ್ರಲೋಕದ ಗಾಡಿಗಳ ಮೇಲೆ ಕೂತು ಸಮುದ್ರ ದಾಟಿ ಹೋಗಿದೆ. ಯಾವ ಕಂಪನಿಯ ಪುಡಿ ಎಂದು ಖರೀದಿದಾರರು ಕೇಳಿದಾಗ ಜಗದೀಶ್ ಸರ್ ಸುಮ್ಮನೆ ನಗುತ್ತಿದ್ದರು.

ಹೀಗೆ ಎಷ್ಟೋ ವರ್ಷ ನಡೆಯಿತು. ಮಾಡಿದ್ದೆಲ್ಲ ಬೇರೆಯವರು ಕಲ್ಪಿಸಿದ ಗಾಡಿಗಳು. ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ತಿಪ್ಪೇಸ್ವಾಮಣ್ಣ ಇದ್ದಕ್ಕಿದ್ದ ಹಾಗೆ, "ನನ್ನದೊಂದು ಗಾಡಿ ಐತಮ್ಮ ತಲ್ಯಾಗೆ," ಎಂದರು.

ಧರ್ಮಪುರದಲ್ಲಿ ಅವರು ಚಿಕ್ಕಂದಿನಿಂದ ಬೋರ್‌ವೆಲ್ ಲಾರಿಗಳನ್ನು ನೋಡುತ್ತಾ ಬೆಳೆದವರು. ಆ ಲಾರಿ ಊರಿಂದ ಊರಿಗೆ ಹೋಗುತ್ತದೆ. ಕೊರೆಯುವವರು ಅದರಲ್ಲೇ ಉಂಡು, ಅದರಲ್ಲೇ ಮಲಗುತ್ತಾರೆ. ಅಂಥದೊಂದು ಗಾಡಿ ಬೇರೊಂದು ಗ್ರಹದಲ್ಲಿ ನೀರು ಹುಡುಕಿಕೊಂಡು ಹೋದರೆ ಹೇಗಿರುತ್ತದೆ ಎನ್ನುವುದು ಅವರ ಯೋಚನೆ. ನಾನು ಜಗದೀಶ್ ಸರ್‌ಗೆ ಹೇಳಿದೆ. ಅವರು ಒಪ್ಪಿ, "ಬಿಡುವಾದಾಗ ಮಾಡ್ರಿ ತಿಪ್ಪೇಸ್ವಾಮಿ ಅವ್ರೆ. ಆದ ಮೇಲೆ ನೋಡಾಣ," ಎಂದರು.

ಅದನ್ನು ನಾವೆಲ್ಲ ನೀರಿನ ಗಾಡಿ ಎಂದು ಕರೆದೆವು. ಪ್ಲಾಸ್ಟಿಕ್ ಹಾಳೆಯ ಮೈ, ಹಿತ್ತಾಳೆ ತಗಡಿನ ಜಾಲರಿ, ಇಂಜೆಕ್ಷನ್ ಸೂಜಿಗಳಿಂದ ಮಾಡಿದ ಕೊರೆಯುವ ಕೊಳವೆಗಳು. ಮುಂಭಾಗ ಮಿಡತೆಯ ತಲೆಯಂತಿತ್ತು. ಆದರೆ ಅದರ ಜೀವ ಇದ್ದದ್ದು ಹಿಂಭಾಗದಲ್ಲಿ. ಅಲ್ಲಿ ಬಾಗಿಲಿಲ್ಲದ ಒಂದು ತೆರೆದ ಕೋಣೆ. ಒಳಗೆ ಒಂದರ ಮೇಲೊಂದು ಮಲಗುವ ಹಲಗೆಗಳು, ಸುತ್ತಿಟ್ಟ ಚಾಪೆ, ಒಲೆ, ಮೂಲೆಯಲ್ಲಿ ಕಟ್ಟಿಹಾಕಿದ ನೀರಿನ ಕೊಡ. ತಂತಿಯ ಮೇಲೆ ಒಣಗಲು ಹಾಕಿದ ಅಂಗಿಗಳನ್ನು ಸಿಗರೇಟು ಪ್ಯಾಕಿನ ಒಳಹಾಳೆಯಲ್ಲಿ ಮಾಡಿದ್ದರು. ಮೆಟ್ಟಿಲ ಮೇಲೆ ಯಾರೋ ಬಿಟ್ಟ ಒಂದು ಜೊತೆ ಚಪ್ಪಲಿ. ಅದನ್ನು ಸರಿಯಾಗಿ ನೋಡಲು ಭೂತಗನ್ನಡಿ ಬೇಕಿತ್ತು.

"ಬ್ಯಾರೆ ಗ್ರಹದಾಗೂ ಚಪ್ಲಿ ಹೊರಗೇ ಬಿಡ್ತಾರಾ ಅಣ್ಣ?" ಎಂದು ಕೇಳಿದೆ.

"ಮಲಗೋ ಜಾಗ ಅಲ್ವೇನಮ್ಮ. ಬಿಡದೆ ಏನ್ಮಾಡ್ತಾರೆ," ಎಂದರು, ನಗದೆ.

ಖರೀದಿದಾರ ಕಂಪನಿಯ ಹೆಣ್ಣುಮಗಳೊಬ್ಬಳು ಕೆಲಸ ನೋಡಲು ಬಂದಾಗ ಅದು ಮೇಜಿನ ಮೇಲಿತ್ತು. ಅವಳು ಮಿಕ್ಕಿದ್ದೆಲ್ಲ ಬಿಟ್ಟು ಅದರ ಮುಂದೆ ಕೂತುಬಿಟ್ಟಳು. ಇದು ಯಾರ ಚಿತ್ರ ಎಂದು ಕೇಳಿದಳು. ಚಿತ್ರವೇ ಇಲ್ಲ, ಇವರ ತಲೆಯಲ್ಲಿದ್ದದ್ದು ಎಂದು ಜಗದೀಶ್ ಸರ್ ತಿಪ್ಪೇಸ್ವಾಮಣ್ಣನನ್ನು ತೋರಿಸಿದರು. ಪೆಟ್ಟಿಗೆಯ ಮೇಲೆ ಮಾಡಿದವರ ಹೆಸರು ಹಾಕಿ ಮಾರೋಣ ಎಂದು ಅವಳು ಹೇಳಿಹೋದಳು. ಅವತ್ತು ಸಂಜೆ ತಿಪ್ಪೇಸ್ವಾಮಣ್ಣ ಎಲ್ಲರಿಗೂ ಖಾರಾ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿದರು. ಅವರು ಹಾಗೆ ಖುಷಿಪಟ್ಟದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಅಚ್ಚು ತೆಗೆಯುವ ವಿಭಾಗದ ಮೇಲ್ವಿಚಾರಕ ನಾಗರಾಜ. ಒಳ್ಳೆಯ ಕೆಲಸಗಾರ. ನೀರಿನ ಗಾಡಿಗೆಂದು ಜಗದೀಶ್ ಸರ್ ಹೊಸ ನಮೂನೆಯ ರಬ್ಬರು ತರಿಸಿದ್ದರು. ಸಣ್ಣ ಗೆರೆಯನ್ನೂ ಹಿಡಿಯುವಂಥದು. ಅಚ್ಚು ತೆಗೆಯುವಾಗ ಮಾಸ್ಟರನ್ನು ಅರ್ಧದವರೆಗೆ ಮೆತ್ತನೆಯ ಮಣ್ಣಿನಲ್ಲಿ ಹುದುಗಿಸಿ ಮೇಲಿನಿಂದ ರಬ್ಬರು ಸುರಿಯುತ್ತಾರೆ. ನಾವು ಯಾವಾಗಲೂ ಬಳಸುತ್ತಿದ್ದ ಮಣ್ಣಿನಲ್ಲಿ ಗಂಧಕವಿತ್ತು. ಹಳೆಯ ರಬ್ಬರಿಗೆ ಅದರಿಂದ ತೊಂದರೆ ಇರಲಿಲ್ಲ. ಹೊಸ ರಬ್ಬರು ಗಂಧಕ ಸೋಕಿದರೆ ಗಟ್ಟಿಯಾಗುವುದೇ ಇಲ್ಲ. ಅದು ಆಗ ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ.

ಮರುದಿನ ನಾಗರಾಜ ಅಚ್ಚು ಬಿಚ್ಚಿದಾಗ ರಬ್ಬರು ಬೆಲ್ಲದ ಪಾಕದ ಹಾಗೆ ಅಂಟಂಟಾಗಿ, ಪ್ರತಿ ಗೆರೆಯೊಳಗೂ, ಆ ಮಲಗುವ ಕೋಣೆಯೊಳಗೂ ತುಂಬಿಕೊಂಡಿತ್ತು. ಅವನು ಗಾಬರಿಯಾದ. ಯಾರನ್ನೂ ಕೇಳದೆ ಥಿನ್ನರಿನಲ್ಲಿ ಅದ್ದಿ ತೊಳೆಯತೊಡಗಿದ. ಥಿನ್ನರ್ ತಾಗಿದರೆ ಆ ಪ್ಲಾಸ್ಟಿಕ್ ಹಾಳೆ ಕರಗುತ್ತದೆ. ನಾನು ಅವನ ಕೂಗು ಕೇಳಿ ಓಡಿಹೋಗುವಷ್ಟರಲ್ಲಿ ಮಿಡತೆಯ ತಲೆ ಕುಸಿದು, ಹಲಗೆಗಳು ಒಂದಕ್ಕೊಂದು ಅಂಟಿ, ಗಾಡಿ ಮೇಣದ ಗೊಂಬೆಯಂತೆ ಇಳಿಬಿದ್ದಿತ್ತು. ನಾಗರಾಜ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

ತಿಪ್ಪೇಸ್ವಾಮಣ್ಣ ಬಂದರು. ನೋಡಿದರು. ಅವನ ಕೈಯಿಂದ ತೆಗೆದುಕೊಂಡು ಮೇಜಿನ ಮೇಲಿಟ್ಟರು.

"ಅಣ್ಣ, ನನ್ನಿಂದ ಹಿಂಗಾತು," ಎಂದು ನಾಗರಾಜ ಅಳತೊಡಗಿದ.

"ಮೊದ್ಲು ಕೈ ತೊಳ್ಕೊಳಪ್ಪ. ಥಿನ್ನರ್ ಸುಡ್ತೈತೆ," ಎಂದಷ್ಟೇ ಹೇಳಿ, ಹೊರಗೆ ಹೋಗಿ ಬೇವಿನ ಮರದ ಕೆಳಗೆ ಕೂತರು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಲಿಲ್ಲ.

ಮತ್ತೊಂದು ಮಾಡಿದರಾಯಿತು ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅವರೂ ಹಾಗೆಯೇ ಅಂದುಕೊಂಡು ಶುರುಮಾಡಿದರು. ಮುಂಭಾಗದ ಚೌಕಟ್ಟು ಎದ್ದಿತು. ಚಿಮಟದಲ್ಲಿ ಹಿಡಿದ ಪಟ್ಟಿ ಇಡಬೇಕಾದ ಜಾಗದ ಪಕ್ಕಕ್ಕೆ ಹೋಗಿ ಕೂರುತ್ತಿತ್ತು. ಕಿತ್ತು ಮತ್ತೆ ಇಡುತ್ತಿದ್ದರು. ಕನ್ನಡಕ ಬದಲಿಸಿದರು. ದೀಪ ಬದಲಿಸಿದರು. ಒಂದು ದಿನ ನನ್ನ ಮುಂದೆ ಬಲಗೈ ಚಾಚಿ, "ನೋಡು," ಎಂದರು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಆ ನಡುಕಕ್ಕೂ ಇಷ್ಟು ವರ್ಷ ಉಸಿರಾಡಿದ ಆ ವಾಸನೆಗೂ ಸಂಬಂಧ ಇತ್ತೋ ಇಲ್ಲವೋ, ಯಾವ ಡಾಕ್ಟರೂ ಖಚಿತವಾಗಿ ಹೇಳಲಿಲ್ಲ.

"ನೀವು ಹೇಳ್ರಿ, ನಾನು ಇಡ್ತೀನಿ ಅಣ್ಣ," ಎಂದೆ. ಕೆಲವು ವಾರ ಹಾಗೆಯೂ ಮಾಡಿದೆವು. ನನ್ನ ಕೈ ಬಣ್ಣಕ್ಕೆ ಪಳಗಿದ್ದು. ಅವರು ಮಾತಿನಲ್ಲಿ ಹೇಳಲಾರದ್ದನ್ನು ಅವರ ಬೆರಳು ಮಾಡುತ್ತಿತ್ತು ಎನ್ನುವುದು ಇಬ್ಬರಿಗೂ ಬೇಗ ತಿಳಿಯಿತು. ಒಂದು ಸಂಜೆ ಅವರು ಚಿಮಟವನ್ನು ಒರೆಸಿ ಡಬ್ಬಿಯೊಳಗಿಟ್ಟು, "ಸಾಕು ಬಿಡಮ್ಮ," ಎಂದರು. ತಿಂಗಳು ತುಂಬುವ ಮೊದಲೇ ಹೊಳಲ್ಕೆರೆಯಲ್ಲಿದ್ದ ಮಗಳ ಮನೆಗೆ ಹೋದರು.

ಅವರ ಮೇಜಿದ್ದ ಜಾಗಕ್ಕೆ ಆಮೇಲೆ ಕಂಪ್ಯೂಟರಿನಲ್ಲಿ ಬಿಡಿಸಿದ್ದನ್ನು ಪದರ ಪದರವಾಗಿ ಕಟ್ಟುವ ಪ್ರಿಂಟಿಂಗ್ ಯಂತ್ರ ಬಂತು. ಅದರ ಜೊತೆಗೆ ಶ್ವೇತಾ ಎಂಬ ಇಂಜಿನಿಯರ್ ಬಂದಳು. ದಾವಣಗೆರೆಯ ಹುಡುಗಿ, ಚುರುಕು, ಕೇಳಿ ತಿಳಿದುಕೊಳ್ಳುವ ಗುಣವಿದ್ದವಳು. ಅವಳ ಮೇಲೆ ನನಗೆ ಯಾವ ಬೇಸರವೂ ಇಲ್ಲ. ತಿಪ್ಪೇಸ್ವಾಮಣ್ಣ ತಿಂಗಳುಗಟ್ಟಲೆ ಮಾಡುವುದನ್ನು ಆ ಯಂತ್ರ ಕೆಲವೇ ದಿನಗಳಲ್ಲಿ ಮಾಡುತ್ತಿತ್ತು. ಗೆರೆ ಅಂದರೆ ಗೆರೆ, ಎಲ್ಲಿಯೂ ತಪ್ಪಿಲ್ಲ.

ಕೆಲವು ವರ್ಷಗಳ ಮೇಲೆ ಖರೀದಿದಾರರು ನೀರಿನ ಗಾಡಿಯನ್ನು ನೆನಪಿಸಿಕೊಂಡರು. ಯಂತ್ರದಲ್ಲಿ ಮಾಡಬಹುದೇ ಎಂದು ಕೇಳಿದರು. ಶ್ವೇತಾ ಹಳೆಯ ಫೋಟೋಗಳನ್ನು ಹುಡುಕಿದಳು. ಮುಂಭಾಗದವು ಇದ್ದವು, ಪಕ್ಕದ್ದು ಒಂದೆರಡಿತ್ತು. ಹಿಂಭಾಗದ ಒಂದು ಫೋಟೋವನ್ನೂ ಯಾರೂ ತೆಗೆದಿರಲಿಲ್ಲ.

"ಹಿಂದೆ ಏನಿತ್ತು ಆಂಟಿ? ನೀವು ದಿನಾ ನೋಡಿದ್ರಲ್ಲ," ಎಂದಳು.

ಹೇಳಿದೆ. ಹಲಗೆಗಳಿದ್ದವು, ಒಲೆ ಇತ್ತು, ಬಟ್ಟೆ ಒಣಗುತ್ತಿತ್ತು. ಹಲಗೆ ಎಷ್ಟು ಅಗಲ, ಒಲೆ ಎಡಕ್ಕೋ ಬಲಕ್ಕೋ, ಕೊಡ ಯಾವುದಕ್ಕೆ ಕಟ್ಟಿತ್ತು ಎಂದು ಅವಳು ಒಂದೊಂದಾಗಿ ಕೇಳುತ್ತಾ ಹೋದಳು. ಅಷ್ಟು ದಿನ ಅದರ ಮುಂದೆ ಕೂತು ನಕ್ಕಿದ್ದೆ, ಮೆಚ್ಚಿದ್ದೆ. ಅಳತೆ ಮಾತ್ರ ಕಣ್ಣಿಗೆ ಬರಲಿಲ್ಲ. ತಿಪ್ಪೇಸ್ವಾಮಣ್ಣನನ್ನೇ ಕೇಳೋಣವೆಂದು ಫೋನು ಮಾಡಿದರೆ ಅವರಿಗೆ ಆಗ ಹುಷಾರಿರಲಿಲ್ಲ, ಮಾತಾಡಲಾಗುತ್ತಿಲ್ಲ ಎಂದು ಮಗಳು ಹೇಳಿದರು. ಶ್ವೇತಾ ತನಗೆ ತಿಳಿದಂತೆ ಒಂದು ಕೋಣೆ ಬಿಡಿಸಿ ಕಳಿಸಿದಳು. ಅಷ್ಟು ಸಣ್ಣ ತೆರೆದ ಭಾಗಗಳು ದಾರಿಯಲ್ಲಿ ಮುರಿಯುತ್ತವೆ, ಹಿಂಭಾಗಕ್ಕೆ ಬಾಗಿಲು ಹಾಕಿ ಮುಚ್ಚಿಬಿಡಿ ಎಂದು ಖರೀದಿದಾರರು ಹೇಳಿದರು. ಹಾಗೆಯೇ ಆಯಿತು. ನಾನು ಬಣ್ಣ ಹೊಡೆದೆ, ಕೆಮ್ಮಣ್ಣು ಹಚ್ಚಿದೆ. ಪೆಟ್ಟಿಗೆಯ ಮೇಲೆ ತಿಪ್ಪೇಸ್ವಾಮಣ್ಣನ ಹೆಸರು ಬರಬೇಕೆಂದು ಜಗದೀಶ್ ಸರ್ ಹಟ ಹಿಡಿದು ಹಾಕಿಸಿದರು.

ಮೊದಲ ಗಾಡಿಗಳಲ್ಲಿ ಒಂದನ್ನು ತೆಗೆದುಕೊಂಡು ಹೊಳಲ್ಕೆರೆಗೆ ಹೋದೆ. ಅವರು ಜಗುಲಿಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಸೊರಗಿದ್ದರು, ಆದರೆ ಚೇತರಿಸಿಕೊಂಡಿದ್ದರು. ನನ್ನನ್ನು ಕಂಡೊಡನೆ, "ಬಾರಮ್ಮ ವಸಂತಮ್ಮ, ಯಜಮಾನ್ರು ಚೆನ್ನಾಗವ್ರಾ?" ಎಂದು ಕೇಳಿದರು. ಪೆಟ್ಟಿಗೆ ಬಿಚ್ಚಿ ಗಾಡಿಯನ್ನು ಅವರ ತೊಡೆಯ ಮೇಲಿಟ್ಟೆ. ನಡುಗುವ ಕೈಯಿಂದ ಮುಂಭಾಗವನ್ನು ಸವರಿದರು.

"ಇದು ನನ್ನ ಗಾಡಿ ಥರ ಐತಲ್ಲಮ್ಮ."

"ನಿಮ್ದೇ ಅಣ್ಣ. ನೋಡ್ರಿ, ಹೆಸರು ಹಾಕವ್ರೆ."

ಪೆಟ್ಟಿಗೆಯ ಕಡೆ ಅವರು ನೋಡಲಿಲ್ಲ. ಗಾಡಿಯನ್ನು ತಿರುಗಿಸಿ ಹಿಂದಿನ ಬಾಗಿಲಿಗೆ ಉಗುರು ಹಚ್ಚಿದರು.

"ಇದು ತೆಗಿಯಾಕೆ ಬರ್ತೈತಾ?"

"ಇಲ್ಲ ಅಣ್ಣ. ಬರೇ ಗೆರೆ, ಮ್ಯಾಲೊಂದು ಹಿಡಿ."

"ಒಳಗೆ?"

"ಒಳಗೆ ಏನೂ ಇಲ್ಲ. ಗಟ್ಟಿ."

ಬಾಗಿಲನ್ನು ಬೆರಳಿನಿಂದ ತಟ್ಟಿ ನೋಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಮತ್ತೆ ಅವ್ರು ಎಲ್ಲಿ ಮಲಗ್ತಾರಮ್ಮ?" ಎಂದು ಕೇಳಿ ಗಾಡಿಯನ್ನು ನನ್ನ ಕೈಗೆ ಹಿಂದಿರುಗಿಸಿದರು. "ಬಣ್ಣ ಚೆನ್ನಾಗಿ ಹೊಡ್ದಿ. ತಗೊಂಡು ಹೋಗು. ಇಲ್ಲಿ ಇಟ್ರೆ ಮಕ್ಳು ಮುರಿತಾವೆ."

ಅವರ ಮಗಳು ಅವಲಕ್ಕಿ ಕೊಟ್ಟರು. ಬೇರೆ ಮಾತು ಆಡಿದೆವು. ಸಂಜೆಯ ಬಸ್ಸು ಹಿಡಿದು ದುರ್ಗಕ್ಕೆ ಬಂದೆ. ಮರುದಿನ ಕೆಲಸಕ್ಕೆ ಹೋಗಿ, ಮೇಜಿನ ಮೇಲೆ ಸಾಲಾಗಿ ನಿಂತಿದ್ದ ಮಿಕ್ಕ ನೀರಿನ ಗಾಡಿಗಳ ಆ ತೆರೆಯದ ಬಾಗಿಲುಗಳ ಹಿಡಿಗೆ, ಒಳಗೆ ಮಲಗುವವರ ಕೈ ದಿನಾ ತಾಗಿ ಸವೆದಿದೆ ಎನ್ನುವ ಹಾಗೆ ಒಂದೊಂದಾಗಿ ಹೊಳಪು ಕೊಟ್ಟೆ.